ಸಂಚಯಕದ ಸ್ಪ್ರಿಂಗ್: ಮೆತ್ತೆಯೋ, ಗಡಿಯಾರವೋ?

‘ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ.’ ಆಟೋಮ್ಯಾಟಿಕ್ ಕಾರನ್ನು ಹೊಗಳುವಾಗ ಎಲ್ಲರೂ ಹೇಳುವ ಮಾತು ಇದು. ಜಾಹೀರಾತಿನಲ್ಲಿ ಇದೇ ಮಾತು, ಹಳೆಯ ಕಾರನ್ನು ಕೊಡಿಸುವ ದಲ್ಲಾಳಿಯ ಬಾಯಲ್ಲೂ ಇದೇ ಮಾತು. ಗೇರ್‌ಪೆಟ್ಟಿಗೆಯ ಆರೋಗ್ಯವನ್ನು ಅಳೆಯಲು ಈ ಮಾತು ಸಾಕೇ? ಸಾಲದು ಎಂಬುದು ಈ ಲೇಖನದ ವಾದ. ಅಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಅದು ನಮ್ಮನ್ನು ನೇರವಾಗಿ ದಾರಿ ತಪ್ಪಿಸುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ, ಗೇರ್‌ಪೆಟ್ಟಿಗೆಯೊಳಗೆ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ಒಂದು ಸಣ್ಣ ಭಾಗ: ಸಂಚಯಕದ ಸ್ಪ್ರಿಂಗ್. ಮೆಕ್ಯಾನಿಕ್‌ಗಳು ಇದನ್ನು ‘ಅಕ್ಯುಮುಲೇಟರ್ ಸ್ಪ್ರಿಂಗ್’ ಎನ್ನುತ್ತಾರೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಓದುಗರಿಗೆ ಇದು ದೂರದ ವಿಷಯವಲ್ಲ. ಬೆಂಗಳೂರು ಪಕ್ಕದಲ್ಲೇ ಇದೆ. ಅಲ್ಲಿ ಹಲವು ವರ್ಷ ಓಡಿದ ಆಟೋಮ್ಯಾಟಿಕ್ ಕಾರುಗಳನ್ನು ಎರಡನೆಯ ಕೈಯಲ್ಲಿ ಕೊಳ್ಳುವುದು ಈ ತಾಲ್ಲೂಕುಗಳಲ್ಲಿ ಹೊಸತೇನಲ್ಲ. ಕೊಳ್ಳುವವರು ಹೆದ್ದಾರಿಯಲ್ಲಿ ಒಂದಷ್ಟು ದೂರ ಓಡಿಸಿ ನೋಡಿ, ‘ಮೆತ್ತಗಿದೆ’ ಎಂದು ಒಪ್ಪಿಕೊಂಡು ಹಣ ಕೊಡುತ್ತಾರೆ. ಅದೇ ಕಾರು ಮುಂದೆ ನಂದಿಬೆಟ್ಟ ಹತ್ತುವಾಗ ‘ಧಡ್’ ಎಂದು ಹೊಡೆದರೆ, ಅದು ಬೆಟ್ಟದ ತಪ್ಪು ಎಂದುಕೊಳ್ಳುತ್ತಾರೆ. ತಪ್ಪು ಬೆಟ್ಟದ್ದಲ್ಲ, ಪರೀಕ್ಷೆಯದು.

ಸಂಚಯಕ ಎಂದರೇನು?

ಸಾಂಪ್ರದಾಯಿಕ ಆಟೋಮ್ಯಾಟಿಕ್ ಗೇರ್‌ಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಗೇರ್ ಬದಲಾಗುವುದು ಯಾವ ಚಕ್ರವನ್ನು ಹಿಡಿದು ನಿಲ್ಲಿಸುತ್ತೇವೆ, ಯಾವುದನ್ನು ತಿರುಗಲು ಬಿಡುತ್ತೇವೆ ಎಂಬುದರಿಂದ. ಹಿಡಿಯುವ ಕೆಲಸ ಕ್ಲಚ್ ತಟ್ಟೆಗಳದು ಮತ್ತು ಬ್ಯಾಂಡ್‌ಗಳದು. ಇವನ್ನು ಒತ್ತಿ ಹಿಡಿಯುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ಪ್ರಕಟಿಸಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಕೊಟ್ಟ ‘ಹೈಡ್ರಾಮ್ಯಾಟಿಕ್’ ಕಾಲದಿಂದಲೂ ಮೂಲತತ್ತ್ವ ಇದೇ.

ಎಣ್ಣೆಯ ಪೂರ್ಣ ಒತ್ತಡ ಒಮ್ಮೆಲೇ ಕ್ಲಚ್ಚಿನ ಮೇಲೆ ಬಿದ್ದರೆ ತಟ್ಟೆಗಳು ತಟ್ಟನೆ ಕಚ್ಚಿಕೊಂಡು ಕಾರು ಜಗ್ಗುತ್ತದೆ. ಇದನ್ನು ತಪ್ಪಿಸಲು ಕ್ಲಚ್ಚಿಗೆ ಹೋಗುವ ಎಣ್ಣೆಯ ದಾರಿಯಲ್ಲೇ ಒಂದು ಕವಲು ಕೊಟ್ಟಿರುತ್ತಾರೆ. ಆ ಕವಲಿನ ಕೊನೆಯಲ್ಲಿ ಒಂದು ಸಿಲಿಂಡರ್, ಅದರೊಳಗೆ ಪಿಸ್ಟನ್, ಪಿಸ್ಟನ್ನಿನ ಬೆನ್ನಿಗೆ ಸ್ಪ್ರಿಂಗ್. ಇದೇ ಸಂಚಯಕ. ಸಣ್ಣ ರಂಧ್ರದ ಮೂಲಕ ಬರುವ ಎಣ್ಣೆ ಮೊದಲು ಕ್ಲಚ್ಚಿನ ಖಾಲಿ ಜಾಗವನ್ನು ತುಂಬುತ್ತದೆ. ಆಮೇಲೆ ಸಂಚಯಕದ ಪಿಸ್ಟನ್ನನ್ನು ಸ್ಪ್ರಿಂಗಿಗೆ ಎದುರಾಗಿ ತಳ್ಳುತ್ತ ಹೋಗುತ್ತದೆ. ಪಿಸ್ಟನ್ ಸರಿಯುತ್ತಿರುವಷ್ಟು ಹೊತ್ತು ಕ್ಲಚ್ಚಿನ ಮೇಲಿನ ಒತ್ತಡವನ್ನು ನಿರ್ಧರಿಸುವುದು ಸ್ಪ್ರಿಂಗ್. ಪಿಸ್ಟನ್ ತಳ ಮುಟ್ಟಿದ ಕ್ಷಣದಿಂದ ಸ್ಪ್ರಿಂಗಿನ ಮಾತು ನಡೆಯುವುದಿಲ್ಲ. ಪಂಪಿನ ಪೂರ್ಣ ಒತ್ತಡ ಕ್ಲಚ್ಚಿನ ಮೇಲೆ ಬರುತ್ತದೆ.

ತಪ್ಪು ಹೋಲಿಕೆ

ಈ ಭಾಗವನ್ನು ವಿವರಿಸುವವರು ಸಾಮಾನ್ಯವಾಗಿ ‘ಇದು ಗೇರ್‌ಪೆಟ್ಟಿಗೆಯ ಶಾಕ್ ಅಬ್ಸಾರ್ಬರ್’ ಎನ್ನುತ್ತಾರೆ. ಕೇಳಲು ಸುಲಭ, ನೆನಪಿಡಲೂ ಸುಲಭ. ಆದರೆ ಹೋಲಿಕೆ ತಪ್ಪು. ಶಾಕ್ ಅಬ್ಸಾರ್ಬರ್ ಗಾಲಿಯ ಚಲನೆಯ ಶಕ್ತಿಯನ್ನು ತಾನೇ ಹೀರಿ ಶಾಖವಾಗಿ ಕಳೆಯುತ್ತದೆ. ಸಂಚಯಕ ಅಂಥದ್ದೇನನ್ನೂ ಮಾಡುವುದಿಲ್ಲ. ಗೇರ್ ಬದಲಾಗುವಾಗ ಕಳೆಯಬೇಕಾದ ಶಕ್ತಿಯೆಲ್ಲ ಕ್ಲಚ್ ತಟ್ಟೆಗಳಲ್ಲೇ ಶಾಖವಾಗುತ್ತದೆ. ಸಂಚಯಕ ಹೇಳುವುದು ಯಾವ ಕ್ಷಣದಲ್ಲಿ ಎಷ್ಟು ಒತ್ತಡ ಇರಬೇಕು ಎಂಬುದನ್ನು ಮಾತ್ರ. ಆದ್ದರಿಂದ ಅದನ್ನು ಮೆತ್ತೆ ಎನ್ನುವುದಕ್ಕಿಂತ ಗಡಿಯಾರ ಎನ್ನುವುದು ಸರಿ.

ಇದು ಬರಿಯ ಶಬ್ದದ ಜಗಳವಲ್ಲ. ಮೆತ್ತೆ ಎಂದು ನಂಬಿದವರು ‘ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಗೇರ್ ಮೆತ್ತಗೆ ಬೀಳುತ್ತದೆ’ ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ಅರ್ಧ ನಿಜ. ಉಳಿದರ್ಧ ದುಬಾರಿಯಾದದ್ದು. ಲೆಕ್ಕ ಹಾಕಿ ನೋಡೋಣ.

ಒಂದು ಸರಳ ಲೆಕ್ಕ

ಇಲ್ಲಿನ ಸಂಖ್ಯೆಗಳು ಯಾವುದೇ ಕಂಪನಿಯ ಕಾರಿನವಲ್ಲ, ತತ್ತ್ವ ತಿಳಿಯಲೆಂದು ಹಿಡಿದುಕೊಂಡವು. ಸಂಚಯಕದ ಪಿಸ್ಟನ್ನಿನ ಮುಖದ ವಿಸ್ತೀರ್ಣ 7 ಚದರ ಸೆಂ.ಮೀ. ಎನ್ನೋಣ. ಸ್ಪ್ರಿಂಗನ್ನು ಕೂರಿಸಿದಾಗಲೇ ಅದರಲ್ಲಿ 210 ನ್ಯೂಟನ್ ಬಲ ಅಡಗಿರಲಿ. ಮುಂದೆ ಒತ್ತಿದ ಪ್ರತಿ ಮಿ.ಮೀ.ಗೆ 14 ನ್ಯೂಟನ್ ಹೆಚ್ಚಲಿ. ಪಿಸ್ಟನ್ 15 ಮಿ.ಮೀ. ಸರಿಯಲಿ. ಆಗ ಒತ್ತಡ 3 ಬಾರ್‌ನಲ್ಲಿ ಆರಂಭವಾಗಿ 6 ಬಾರ್‌ಗೆ ಮುಟ್ಟುತ್ತದೆ. ಒಳಗೆ ಹಿಡಿಸುವ ಎಣ್ಣೆ 10.5 ಘನ ಸೆಂ.ಮೀ. ರಂಧ್ರದ ಮೂಲಕ ಸೆಕೆಂಡಿಗೆ 21 ಘನ ಸೆಂ.ಮೀ. ಬರುತ್ತದೆ ಎಂದರೆ ಇದಕ್ಕೆಲ್ಲ ಅರ್ಧ ಸೆಕೆಂಡ್ ಬೇಕು. ಪಂಪಿನ ಪೂರ್ಣ ಒತ್ತಡ 10 ಬಾರ್ ಇರಲಿ. ಕ್ಲಚ್ ಪ್ರತಿ ಬಾರ್‌ಗೆ 30 ನ್ಯೂಟನ್-ಮೀಟರ್ ತಿರುಗುಬಲವನ್ನು ಹಿಡಿಯಬಲ್ಲದಾಗಿರಲಿ.

ಈಗ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹೋಗುತ್ತಿದ್ದೀರಿ. ಎಂಜಿನ್ 120 ನ್ಯೂಟನ್-ಮೀಟರ್ ಕೊಡುತ್ತಿದೆ. ಮೇಲಿನ ಗೇರಿಗೆ ಹೋಗಲು ಎಂಜಿನ್ನಿನ ವೇಗ ನಿಮಿಷಕ್ಕೆ ಸುಮಾರು 950 ಸುತ್ತು ಇಳಿಯಬೇಕು. ಎಂಜಿನ್ನಿನ ಬಲವನ್ನು ತಡೆದು ಹಿಡಿಯಲು ಮೊದಲು 4 ಬಾರ್ ಬೇಕು. ಅದಕ್ಕೂ ಮೇಲಿನ ಒತ್ತಡ ಮಾತ್ರ ಎಂಜಿನ್ನಿನ ವೇಗವನ್ನು ಇಳಿಸಬಲ್ಲದು. ತಿರುಗುವ ಭಾಗಗಳ ಜಡತ್ವ 0.1 ಕಿ.ಗ್ರಾಂ.-ಚದರ ಮೀಟರ್ ಎಂದು ಹಿಡಿದರೆ ಫಲಿತಾಂಶ ಹೀಗೆ:

ಸರಿಯಾದ ಸ್ಪ್ರಿಂಗಿನಲ್ಲಿ ಪಿಸ್ಟನ್ 5 ಮಿ.ಮೀ. ಸರಿದಾಗ 4 ಬಾರ್ ಸಿಗುತ್ತದೆ. ಉಳಿದ 10 ಮಿ.ಮೀ. ಸರಿಯಲು 0.33 ಸೆಕೆಂಡ್ ಇದೆ. ಆ ಅವಧಿಯಲ್ಲಿ ಎಂಜಿನ್ನಿನ ವೇಗ ಇಳಿದು ತಟ್ಟೆಗಳು ಒಂದಾಗುತ್ತವೆ. ಅದೇ ಹೊತ್ತಿಗೆ ಪಿಸ್ಟನ್ ತಳ ಮುಟ್ಟುತ್ತದೆ. ಒತ್ತಡ 6ರಿಂದ 10 ಬಾರ್‌ಗೆ ಜಿಗಿದರೂ ತಟ್ಟೆಗಳು ಆಗಲೇ ಕೂಡಿಕೊಂಡಿರುವುದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಅದೇ ಸ್ಪ್ರಿಂಗ್ ಶೇ. 20ರಷ್ಟು ಸೋತಿದೆ ಎನ್ನಿ. ಆಗ ಒತ್ತಡ 2.4 ಬಾರ್‌ನಿಂದ 4.8 ಬಾರ್‌ಗೆ ಮಾತ್ರ ಹೋಗುತ್ತದೆ. 4 ಬಾರ್ ಸಿಗುವುದು ಪಿಸ್ಟನ್ 10 ಮಿ.ಮೀ. ಸರಿದ ಮೇಲೆ. ಉಳಿದ ಅವಧಿ 0.17 ಸೆಕೆಂಡ್. ಅಷ್ಟರಲ್ಲಿ ಆಗಬೇಕಾದ ಕೆಲಸದ ಐದನೆಯ ಒಂದು ಭಾಗ ಮಾತ್ರ ಆಗುತ್ತದೆ. ತಟ್ಟೆಗಳು ಇನ್ನೂ ಜಾರುತ್ತಿರುವಾಗಲೇ ಪಿಸ್ಟನ್ ತಳ ಮುಟ್ಟುತ್ತದೆ. ಒತ್ತಡ 4.8ರಿಂದ 10 ಬಾರ್‌ಗೆ ಜಿಗಿದು, ಉಳಿದ ಐದರಲ್ಲಿ ನಾಲ್ಕು ಭಾಗದ ಕೆಲಸ ಸುಮಾರು 0.04 ಸೆಕೆಂಡಿನಲ್ಲಿ ಮುಗಿಯುತ್ತದೆ. ತಟ್ಟೆಗಳ ಮೇಲೆ ಬೀಳುವ ತಿರುಗುಬಲ 180ರ ಬದಲು 300 ನ್ಯೂಟನ್-ಮೀಟರ್. ‘ಧಡ್’ ಎಂಬ ಹೊಡೆತ ಇದೇ.

ಗಮನಿಸಿ: ಸ್ಪ್ರಿಂಗ್ ಮೆತ್ತಗಾಯಿತು, ಗೇರ್ ಗಡುಸಾಯಿತು. ಮೆತ್ತೆಯ ಹೋಲಿಕೆ ಇದನ್ನು ವಿವರಿಸಲಾರದು. ಗಡಿಯಾರದ ಹೋಲಿಕೆ ಸುಲಭವಾಗಿ ವಿವರಿಸುತ್ತದೆ: ಕೆಲಸ ಮುಗಿಯುವ ಮೊದಲೇ ಹೊತ್ತು ಮುಗಿಯಿತು.

ಸಮತಟ್ಟು ರಸ್ತೆ ಹೇಳುವ ಸುಳ್ಳು

ಈಗ ಅದೇ ಕಾರನ್ನು ಚಿಕ್ಕಬಳ್ಳಾಪುರದ ಹೆದ್ದಾರಿಗೆ ತನ್ನಿ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದೆ. ಎಂಜಿನ್ 60 ನ್ಯೂಟನ್-ಮೀಟರ್ ಕೊಡುತ್ತಿದೆ. ವೇಗ ಇಳಿಯಬೇಕಾದದ್ದೂ ಅರ್ಧವೇ. ತಡೆದು ಹಿಡಿಯಲು 2 ಬಾರ್ ಸಾಕು. ಅಂದರೆ ಮೂರು ಬಗೆಯ ಸ್ಪ್ರಿಂಗುಗಳಲ್ಲೂ ಕೆಲಸ ತಡವಿಲ್ಲದೆ ಆರಂಭವಾಗುತ್ತದೆ. ಲೆಕ್ಕದ ಪ್ರಕಾರ ಶೇ. 20 ಬಿಗಿಯಾದ ಸ್ಪ್ರಿಂಗ್ 0.09 ಸೆಕೆಂಡಿನಲ್ಲಿ, ಸರಿಯಾದದ್ದು 0.12 ಸೆಕೆಂಡಿನಲ್ಲಿ, ಸೋತದ್ದು 0.19 ಸೆಕೆಂಡಿನಲ್ಲಿ ಗೇರ್ ಬದಲಿಸುತ್ತದೆ. ಹೆಚ್ಚು ಹೊತ್ತು ತೆಗೆದುಕೊಂಡದ್ದೇ ಹೆಚ್ಚು ಮೆತ್ತಗೆ ಅನಿಸುತ್ತದೆ. ಆದ್ದರಿಂದ ಸಮತಟ್ಟಾದ ರಸ್ತೆಯಲ್ಲಿ ಮೂರರಲ್ಲಿ ‘ಉತ್ತಮ’ ಎನಿಸಿಕೊಳ್ಳುವುದು ಹಾಳಾದ ಸ್ಪ್ರಿಂಗು!

ಕಾರುಗಳ ವಿಮರ್ಶೆ ಬರೆಯುವವರ ಬಗ್ಗೆ ನಮ್ಮ ಮುಖ್ಯ ಆಕ್ಷೇಪ ಇಲ್ಲೇ ಇದೆ. ‘ಸ್ಮೂತ್’ ಎಂಬ ಒಂದೇ ಪದದಲ್ಲಿ ಅವರು ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಾರೆ. ಒಂದು, ಕಾರಿನಲ್ಲಿ ಕುಳಿತವರಿಗೆ ಆಗುವ ಜಗ್ಗು. ಇನ್ನೊಂದು, ತಟ್ಟೆಗಳಿಗೆ ಆಗುವ ಸವೆತ. ಇವೆರಡೂ ಒಂದೇ ದಿಕ್ಕಿನಲ್ಲಿ ಹೋಗುವುದಿಲ್ಲ. ಮೊದಲ ಲೆಕ್ಕದ ಏರು ರಸ್ತೆಯನ್ನೇ ತೆಗೆದುಕೊಳ್ಳಿ. 0.33 ಸೆಕೆಂಡಿನಲ್ಲಿ ಗೇರ್ ಬದಲಾದರೆ ಆ ಅವಧಿಯಲ್ಲಿ ತಟ್ಟೆಗಳಲ್ಲಿ ಹುಟ್ಟುವ ಶಾಖ ಸುಮಾರು 3,200 ಜೂಲ್. ಅದನ್ನೇ ಎಳೆದು 0.67 ಸೆಕೆಂಡ್ ಮಾಡಿದರೆ ಸುಮಾರು 5,800 ಜೂಲ್. ಜಗ್ಗು ಕಡಿಮೆಯಾಯಿತು, ಶಾಖ ಶೇ. 80ರಷ್ಟು ಹೆಚ್ಚಿತು. ತಟ್ಟೆಯ ಮೇಲಿನ ಘರ್ಷಣೆಯ ಪದರ ಸುಡುವುದು, ಎಣ್ಣೆ ಕಪ್ಪಾಗುವುದು ಈ ಶಾಖದಿಂದ. ಸವಾರನ ಸುಖದ ಬೆಲೆಯನ್ನು ಕ್ಲಚ್ ತೆರುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆತ ಹೆಚ್ಚಾದರೆ ಎಳೆ ಹರಿಯುತ್ತದೆ, ಕಡಿಮೆಯಾದರೆ ಎಳೆಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಅಲ್ಲಿ ‘ಮೆತ್ತಗೆ’ ಎಂಬುದು ಗುಣವಲ್ಲ, ‘ಹದ’ ಎಂಬುದು ಗುಣ.

ವಿನ್ಯಾಸದ ಗುಣ, ಮಿತಿ

ಹಾಗಾದರೆ ಸ್ಪ್ರಿಂಗ್ ಸಂಚಯಕ ಕೆಟ್ಟ ವಿನ್ಯಾಸವೇ? ಹಾಗೆ ಹೇಳುವುದು ಅನ್ಯಾಯವಾಗುತ್ತದೆ. ವಿದ್ಯುತ್ತಿಲ್ಲದೆ, ಗಣಕವಿಲ್ಲದೆ, ಎಣ್ಣೆ ಮತ್ತು ಸ್ಪ್ರಿಂಗಿನಿಂದಲೇ ಕಾಲವನ್ನು ಅಳೆಯುವ ಈ ಯುಕ್ತಿ ಮೆಚ್ಚತಕ್ಕದ್ದು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ, 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳೂ ಇದೇ ಕುಲದವು. ನೀರು ಮಿತಿ ಮೀರಿದಾಗ ಬಾಗಿಲು ತಾನೇ ತೆರೆಯುತ್ತದೆ, ಇಳಿದಾಗ ತಾನೇ ಮುಚ್ಚುತ್ತದೆ. ನಿಯಂತ್ರಿಸಬೇಕಾದ ದ್ರವವೇ ನಿಯಂತ್ರಣದ ಬಲವನ್ನೂ ಒದಗಿಸುತ್ತದೆ.

ಆದರೆ ಒಂದು ಸ್ಪ್ರಿಂಗಿಗೆ ಒಂದೇ ಹದ ಗೊತ್ತು. ಹಗುರ ಕಾಲಿಗೆ ಹೊಂದುವ ಒತ್ತಡ ಭಾರದ ಕಾಲಿಗೆ ಸಾಲದು. ತಯಾರಕರಿಗೆ ಇದು ತಿಳಿಯದ ವಿಷಯವಲ್ಲ. ಆದ್ದರಿಂದಲೇ ಅನೇಕ ಗೇರ್‌ಪೆಟ್ಟಿಗೆಗಳಲ್ಲಿ ಪಿಸ್ಟನ್ನಿನ ಬೆನ್ನಿಗೆ ಸ್ಪ್ರಿಂಗಿನ ಜೊತೆಗೆ ಇನ್ನೊಂದು ಎಣ್ಣೆಯ ಒತ್ತಡವನ್ನೂ ಕೊಡುತ್ತಾರೆ. ಆಕ್ಸಿಲರೇಟರ್ ಒತ್ತಿದಷ್ಟೂ ಈ ಬೆನ್ನೊತ್ತಡ ಏರುತ್ತದೆ, ಸ್ಪ್ರಿಂಗ್ ಬಿಗಿಯಾದಂತೆ ಆಗುತ್ತದೆ. ಹೀಗಿರುವಾಗ ಸ್ಪ್ರಿಂಗ್ ಸೋತದ್ದರ ಪರಿಣಾಮ ನಮ್ಮ ಲೆಕ್ಕದಲ್ಲಿರುವಷ್ಟು ತೀವ್ರವಾಗಿರುವುದಿಲ್ಲ. ಆದರೆ ಬೆನ್ನೊತ್ತಡದ ಕವಾಟ ಸಿಕ್ಕಿಕೊಂಡರೆ, ಸ್ಪ್ರಿಂಗ್ ಸರಿಯಿದ್ದರೂ ಅದೇ ಲಕ್ಷಣ ಕಾಣಿಸುತ್ತದೆ. ‘ಹೊಡೆತ ಬಂತು, ಸ್ಪ್ರಿಂಗ್ ಹೋಯಿತು’ ಎಂಬ ತೀರ್ಪೂ ಆತುರದ್ದೇ.

ಗ್ಯಾರೇಜಿನ ಮೂರು ಉಪಾಯಗಳು

ಸಂಚಯಕದ ವಿಷಯದಲ್ಲಿ ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಮೂರು ಉಪಾಯಗಳನ್ನು ಪರಿಶೀಲಿಸೋಣ.

ಮೊದಲನೆಯದು ‘ಕಣ್ಣಳತೆ’. ಇನ್ನೊಂದು ಗೇರ್‌ಪೆಟ್ಟಿಗೆಯಿಂದ ತೆಗೆದ, ನೋಡಲು ಒಂದೇ ರೀತಿಯ ಸ್ಪ್ರಿಂಗನ್ನು ಕೂರಿಸುವುದು. ಸುರುಳಿ ಸ್ಪ್ರಿಂಗಿನ ಬಿಗುವು ಅದರ ತಂತಿಯ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. 3 ಮಿ.ಮೀ. ತಂತಿಯ ಬದಲು 2.85 ಮಿ.ಮೀ. ತಂತಿ ಇದ್ದರೆ ವ್ಯತ್ಯಾಸ ಶೇ. 5 ಮಾತ್ರ. ಕಣ್ಣಿಗೆ ಅದು ಕಾಣದು. ಬಿಗುವು ಮಾತ್ರ ಶೇ. 18ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ, ಬಹುಮಟ್ಟಿಗೆ ನಮ್ಮ ಲೆಕ್ಕದ ಸೋತ ಸ್ಪ್ರಿಂಗಿನಷ್ಟೇ. ಕೆಲವು ತಯಾರಕರು ಸ್ಪ್ರಿಂಗುಗಳಿಗೆ ಬಣ್ಣದ ಗುರುತು ಹಾಕುವುದು ಇದಕ್ಕಾಗಿಯೇ. ಎಣ್ಣೆಯಲ್ಲಿ ಅಳಿಸಿಹೋದ ಬಣ್ಣವನ್ನು ಊಹಿಸುವ ಬದಲು ಮೈಕ್ರೋಮೀಟರಿನಿಂದ ತಂತಿಯನ್ನೂ, ಅಳತೆಪಟ್ಟಿಯಿಂದ ಒತ್ತಡವಿಲ್ಲದ ಉದ್ದವನ್ನೂ ಅಳೆದು ಕೈಪಿಡಿಯೊಂದಿಗೆ ಹೋಲಿಸುವುದು ಐದು ನಿಮಿಷದ ಕೆಲಸ.

ಎರಡನೆಯದು ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುವುದು. ‘ಚಿಕ್ಕದಾದರೆ ಮೆತ್ತಗಾಗುತ್ತದೆ’ ಎಂಬುದು ನಂಬಿಕೆ. ವಾಸ್ತವದಲ್ಲಿ ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗಿನ ಬಿಗುವು ಹೆಚ್ಚುತ್ತದೆ: 10 ಸುತ್ತು 9 ಆದರೆ ಶೇ. 11ರಷ್ಟು. ಕಡಿಮೆಯಾಗುವುದು ಮೊದಲೇ ಅಡಗಿರುವ ಬಲ. ನಮ್ಮ ಉದಾಹರಣೆಯ ಸ್ಪ್ರಿಂಗ್ 6 ಮಿ.ಮೀ. ಗಿಡ್ಡವಾದರೆ ಒತ್ತಡ 3ರ ಬದಲು 2 ಬಾರ್‌ನಲ್ಲಿ ಆರಂಭವಾಗಿ 5.3 ಬಾರ್‌ನಲ್ಲಿ ನಿಲ್ಲುತ್ತದೆ. ಆರಂಭದಲ್ಲಿ ಹೆಚ್ಚು ಜಾರು, ಕೊನೆಯಲ್ಲಿ ಹೊಡೆತ. ಎರಡೂ ದೋಷಗಳು ಒಟ್ಟಿಗೆ ಬಂದವು.

ಮೂರನೆಯದು ವಾಷರ್ ಇಡುವುದು, ಅಥವಾ ಪಿಸ್ಟನ್ನನ್ನೇ ಅಲುಗದಂತೆ ಮಾಡುವುದು. 3 ಮಿ.ಮೀ. ವಾಷರ್ ಇಟ್ಟರೆ ಆರಂಭದ ಮತ್ತು ಕೊನೆಯ ಒತ್ತಡಗಳೆರಡೂ 0.6 ಬಾರ್ ಏರುತ್ತವೆ. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗುವಷ್ಟು ಒತ್ತಿಕೊಳ್ಳದಿದ್ದರೆ, ಭಾರ ಹೊರುವ ವಾಹನಕ್ಕೆ ಇದು ಕೆಲವೊಮ್ಮೆ ಒಪ್ಪತಕ್ಕ ಉಪಾಯ. ಪಿಸ್ಟನ್ನನ್ನು ಪೂರ್ತಿ ಕಟ್ಟಿಹಾಕುವುದು ಬೇರೆಯ ಮಾತು. ಆಗ ತಟ್ಟೆಗಳ ಸವೆತ ಕಡಿಮೆಯಾಗಬಹುದು. ಆದರೆ ಪ್ರತಿ ಹೊಡೆತವನ್ನೂ ಹಲ್ಲುಚಕ್ರಗಳು, ಚಾಲಕ ದಂಡಗಳು ಮತ್ತು ಎಂಜಿನ್ನಿನ ರಬ್ಬರ್ ಆಸರೆಗಳು ತಾಳಬೇಕು.

ಈ ಮೂರಕ್ಕೂ ಮೊದಲು ನೋಡಬೇಕಾದವು ಬೇರೆಯೇ ಇವೆ: ಎಣ್ಣೆಯ ಮಟ್ಟ, ಅದರ ಬಣ್ಣ ಮತ್ತು ವಾಸನೆ, ಪಂಪಿನ ಒತ್ತಡ, ಸಂಚಯಕದ ಪಿಸ್ಟನ್ನಿನ ಸೀಲು. ಸೀಲು ಸೋರಿದರೆ ಎಂಥ ಒಳ್ಳೆಯ ಸ್ಪ್ರಿಂಗೂ ನಿರರ್ಥಕ. ಸೀಲು, ಸ್ಪ್ರಿಂಗುಗಳು ಗೇರ್‌ಪೆಟ್ಟಿಗೆಯ ಅಗ್ಗದ ಭಾಗಗಳು. ಅವನ್ನು ಸಕಾಲದಲ್ಲಿ ನೋಡದೆ ಹೋದರೆ ಸುಡುವ ಕ್ಲಚ್ ತಟ್ಟೆಗಳಿಗಾಗಿ ಇಡೀ ಗೇರ್‌ಪೆಟ್ಟಿಗೆಯನ್ನು ಬಿಚ್ಚಬೇಕಾಗುತ್ತದೆ.

ಅಳೆಯುವುದು ಹೇಗೆ?

ಗೌರಿಬಿದನೂರಿನಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಭೂಕಂಪಮಾಪಕಗಳ ಜಾಲವಿದೆ. ಭಾಭಾ ಅಣು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. ಭೂಕಂಪಮಾಪಕದ ಮೂಲವೂ ಒಂದು ಸ್ಪ್ರಿಂಗ್ ಮತ್ತು ಒಂದು ತೂಕ. ಅಲ್ಲಿ ಯಾರೂ ‘ಈ ಸ್ಪ್ರಿಂಗ್ ಮೆತ್ತಗಿದೆಯೇ’ ಎಂದು ಕೇಳುವುದಿಲ್ಲ. ‘ಅದರ ಆವರ್ತಕಾಲ ಎಷ್ಟು, ಎಂಥ ಅಲೆಯನ್ನು ಅದು ಸರಿಯಾಗಿ ದಾಖಲಿಸುತ್ತದೆ’ ಎಂದು ಕೇಳುತ್ತಾರೆ. ಕಾರಿನ ವಿಷಯದಲ್ಲೂ ಪ್ರಶ್ನೆಯನ್ನು ಹೀಗೆ ಬದಲಿಸಿಕೊಳ್ಳಬೇಕು: ಯಾವ ಭಾರದಲ್ಲಿ, ಎಷ್ಟು ಹೊತ್ತಿನಲ್ಲಿ, ಹೊಡೆತ ಆರಂಭದಲ್ಲೋ ಕೊನೆಯಲ್ಲೋ?

ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ನಮ್ಮ ರಸ್ತೆಗಳೇ ಸಾಕು. ಹಳೆಯ ಆಟೋಮ್ಯಾಟಿಕ್ ಕಾರನ್ನು ಕೊಳ್ಳುವ ಮುನ್ನ ಎಂಜಿನ್ ಮತ್ತು ಎಣ್ಣೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಹೆದ್ದಾರಿಯಲ್ಲಿ ಹಗುರ ಕಾಲಿನಲ್ಲಿ ಒಮ್ಮೆ ಗಮನಿಸಿ. ಆಮೇಲೆ ನಂದಿಬೆಟ್ಟದ ಏರಿನಲ್ಲಿ, ಅಥವಾ ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿಯ ಮೂಲಕ ಗೌರಿಬಿದನೂರಿಗೆ ಹೋಗುವಾಗ ಸಿಗುವ ಏರುಗಳಲ್ಲಿ, ಆಸನಗಳು ತುಂಬಿರುವಾಗ ನೋಡಿ. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮುಳ್ಳಿನ ಮೇಲೆ ಪಕ್ಕದಲ್ಲಿ ಕುಳಿತವರು ಕಣ್ಣಿಡಲಿ. ಗೇರ್ ಬದಲಾಗುವಾಗ ಮುಳ್ಳು ಒಂದೇ ಸಮನೆ ಇಳಿಯಬೇಕು. ಇಳಿಯುವ ಮೊದಲು ಮೇಲಕ್ಕೆ ಹಾರಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಹಾರಿ, ನಿಧಾನಿಸಿ, ಕೊನೆಯಲ್ಲಿ ಹೊಡೆದರೆ ಸಂಚಯಕದ ಕಡೆಗೆ ಅನುಮಾನ ತಿರುಗಬೇಕು. ಹೊಡೆತ ಆರಂಭದಲ್ಲೇ ಬಂದರೆ ಪಿಸ್ಟನ್ ಸಿಕ್ಕಿಕೊಂಡಿರಬಹುದು, ಅಥವಾ ಪಂಪಿನ ಒತ್ತಡವೇ ಹೆಚ್ಚಿರಬಹುದು. ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆಗೆ ಹೋಗುವಾಗ ಊರೂರಿನ ಉಬ್ಬುಗಳಲ್ಲಿ ನಿಧಾನಿಸಿ ಮತ್ತೆ ಹೊರಡುವಾಗ ಒಂದರಿಂದ ಎರಡನೆಯ ಗೇರಿಗೆ ಹೋಗುವುದನ್ನು ಹತ್ತಾರು ಸಲ ಪರೀಕ್ಷಿಸಿದಂತಾಗುತ್ತದೆ. ಹತ್ತೂ ಸಲ ಒಂದೇ ರೀತಿ ಬರಬೇಕು. ಆ ಏಕರೂಪತೆಯೇ ಮೆತ್ತಗೆ ಇರುವುದಕ್ಕಿಂತ ನಂಬಿಕೆಗೆ ಅರ್ಹವಾದ ಲಕ್ಷಣ.

ಹೊಸ ಕಾರುಗಳಲ್ಲಿ

ಇಂದಿನ ಆರು, ಎಂಟು ಗೇರುಗಳ ಪೆಟ್ಟಿಗೆಗಳಲ್ಲಿ ಗಣಕದ ಆಜ್ಞೆಯಂತೆ ಒತ್ತಡವನ್ನು ಕ್ಷಣಕ್ಷಣಕ್ಕೆ ಬದಲಿಸುವ ವಿದ್ಯುತ್ ಕವಾಟಗಳಿವೆ. ಸ್ಪ್ರಿಂಗ್ ಸಂಚಯಕದ ಗಡಿಯಾರದ ಕೆಲಸ ಬಹುಮಟ್ಟಿಗೆ ಅವುಗಳಿಗೆ ಹೋಗಿದೆ. ತಟ್ಟೆ ಸವೆದಂತೆ ಗಣಕ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಇದು ನಿಜವಾದ ಪ್ರಗತಿ. ಆದರೆ ಇದರಲ್ಲೂ ಒಂದು ಅಪಾಯ ಇದೆ: ಸವೆತವನ್ನು ಗಣಕ ಬಹುಕಾಲ ಮುಚ್ಚಿಡಬಲ್ಲದು. ‘ಮೆತ್ತಗಿದೆ, ಆದ್ದರಿಂದ ಸರಿಯಿದೆ’ ಎಂಬ ಅಳತೆಗೋಲು ಇಲ್ಲಿ ಇನ್ನೂ ದುರ್ಬಲ.

ಹೆಸರಿನ ಗೊಂದಲವೂ ಬೇಡ. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಪ್ರಚಾರಕ್ಕೆ ಬಂದ ‘ಎ.ಎಂ.ಟಿ.’ ಪದ್ಧತಿ ವಾಸ್ತವದಲ್ಲಿ ಸಾಧಾರಣ ಗೇರ್‌ಪೆಟ್ಟಿಗೆಯೇ. ಕ್ಲಚ್ ಮತ್ತು ಗೇರ್ ಕಡ್ಡಿಯ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಅದರ ಎಣ್ಣೆಯ ವ್ಯವಸ್ಥೆಯಲ್ಲೂ ಸಂಚಯಕ ಇರುತ್ತದೆ. ಆದರೆ ಅದು ಪಂಪ್ ಕೊಟ್ಟ ಒತ್ತಡವನ್ನು ಕೂಡಿಡುವ ಭಂಡಾರ, ಗೇರಿನ ಗಡಿಯಾರವಲ್ಲ. ಎ.ಎಂ.ಟಿ. ಕಾರು ತಲೆದೂಗಿದಂತೆ ಮಾಡುವುದು ಗೇರ್ ಬದಲಾಗುವಾಗ ಅದರ ಒಂದೇ ಕ್ಲಚ್ ಬಿಟ್ಟು ಬಲ ಕಡಿಯುವುದರಿಂದ. ಅದಕ್ಕೆ ಸಂಚಯಕವನ್ನು ದೂರಿ ಫಲವಿಲ್ಲ.

ಯಂತ್ರದ ಭಾಗವೊಂದನ್ನು ವಿವರಿಸಲು ನಾವು ಆರಿಸುವ ಹೋಲಿಕೆ ನಾಳೆ ಮೆಕ್ಯಾನಿಕ್‌ನ ಕೈಯಲ್ಲಿ ಉಪಕರಣವಾಗುತ್ತದೆ. ಮೆತ್ತೆ ಎಂದು ಕಲಿತವನು ಸ್ಪ್ರಿಂಗನ್ನು ಕತ್ತರಿಸುತ್ತಾನೆ, ಗಡಿಯಾರ ಎಂದು ಕಲಿತವನು ಮೈಕ್ರೋಮೀಟರ್ ಕೈಗೆತ್ತಿಕೊಳ್ಳುತ್ತಾನೆ. ಮುಂದಿನ ಸಲ ನಿಮ್ಮ ಕಾರನ್ನು ಗ್ಯಾರೇಜಿಗೆ ಒಯ್ದಾಗ ‘ಮೆತ್ತಗೆ ಮಾಡಿಕೊಡಿ’ ಎನ್ನಬೇಡಿ. ‘ಒತ್ತಡ ಅಳೆದು ನೋಡಿ’ ಎನ್ನಿ.